ಏರಿನಲ್ಲಿ ಪೇಸ್ ಬಿಡಿ, ಎತ್ತರ ನೋಡಿ: ಗುಡ್ಡದ ಓಟಕ್ಕೆ ಜಿಪಿಎಸ್ ವಾಚ್ ಬಳಸುವ ನನ್ನ ರೀತಿ

ಗುಡ್ಡದ ಓಟಕ್ಕೆ ಹೊರಡುವ ಮುಂಚೆ ವಾಚಿನಲ್ಲಿ ನಾನು ಮಾಡುವ ಮೊದಲ ಕೆಲಸ, ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ ತೋರಿಸುವ ಅಂಕಿಯನ್ನು ಪರದೆಯಿಂದ ತೆಗೆಯುವುದು. ಕಬ್ಬನ್ ಪಾರ್ಕಿನಲ್ಲಿ ಕಿಲೋಮೀಟರಿಗೆ 6 ನಿಮಿಷ ಅಂದರೆ ಎಷ್ಟು ಶ್ರಮ ಅಂತ ಗೊತ್ತಿರುತ್ತದೆ. ನಂದಿ ಬೆಟ್ಟದ ಘಾಟಿಯಲ್ಲಿ ಅದೇ 6 ನಿಮಿಷ ಹಿಡಿಯಲು ಹೋದರೆ ಅರ್ಧ ದಾರಿ ಮುಗಿಯುವ ಮೊದಲೇ ಕಾಲು ಕಲ್ಲಾಗುತ್ತದೆ. ಅಂಕಿ ಕಣ್ಣೆದುರು ಇದ್ದರೆ ಮನಸ್ಸು ಅದನ್ನು ಹಿಡಿಯಲು ನೋಡಿಯೇ ನೋಡುತ್ತದೆ. ಆದ್ದರಿಂದ ಕಾಣದಂತೆ ಮಾಡುವುದೇ ಮೇಲು.

ಏರು ಎಷ್ಟು ದುಬಾರಿ ಎಂಬುದಕ್ಕೆ ಒಳ್ಳೆಯ ಲೆಕ್ಕವೇ ಇದೆ. ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ನುರಿತ ಬೆಟ್ಟದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಬೇರೆ ಬೇರೆ ಏರು, ಇಳಿಜಾರುಗಳಲ್ಲಿ ಓಡಿಸಿ, ಬಳಕೆಯಾದ ಆಮ್ಲಜನಕ ಅಳೆದು 2002ರಲ್ಲಿ ಪ್ರಕಟಿಸಿದ ಸೂತ್ರ ಅದು. ಸಮತಟ್ಟಿನಲ್ಲಿ ಒಂದು ಕಿಲೋಮೀಟರಿಗೆ ಬೇಕಾದ ಶಕ್ತಿಯನ್ನು 1 ಅಂತ ಇಟ್ಟುಕೊಂಡರೆ, ಆ ಸೂತ್ರದ ಪ್ರಕಾರ 5% ಏರಿನಲ್ಲಿ 1.3, 10% ಏರಿನಲ್ಲಿ 1.66 ಬೇಕು. ಇಳಿಯುವಾಗ 5%ಗೆ 0.76, 10%ಗೆ 0.6. ಅಂದರೆ ಸಮತಟ್ಟಿನಲ್ಲಿ 6:00 ಓಡುವವರು ಅದೇ ಶ್ರಮದಲ್ಲಿ 5% ಏರನ್ನು 7:48ಕ್ಕೆ, 10% ಏರನ್ನು ಹೆಚ್ಚುಕಡಿಮೆ 10:00ಕ್ಕೆ ಓಡಬೇಕು. 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 5 ಮೀಟರ್ ಮೇಲೆ ಹೋದರೆ ಅದು 5%.

ಈ ಅಂಕಿಗಳಲ್ಲಿ ಇನ್ನೊಂದು ಸಂಗತಿ ಅಡಗಿದೆ. ಹತ್ತಿ ಇಳಿದದ್ದರ ಸರಾಸರಿ ತೆಗೆದರೆ 5%ರಲ್ಲಿ 1.03, 10%ರಲ್ಲಿ 1.13. ಏರಿನಲ್ಲಿ ಹೋದ ಸಮಯ ಇಳಿಜಾರಿನಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಗುಡ್ಡ ಕಡಿದಾದಷ್ಟೂ ನಷ್ಟ ಜಾಸ್ತಿ. ಅದೂ ಕಾಗದದ ಮೇಲಿನ ಲೆಕ್ಕ. ಸೂತ್ರದಂತೆ 5% ಇಳಿಜಾರಿನಲ್ಲಿ 4:34 ಬರಬೇಕು, ಆದರೆ ನಮ್ಮಂಥ ಹವ್ಯಾಸಿಗಳ ತೊಡೆ ಅಷ್ಟು ಹೊತ್ತು ಬ್ರೇಕ್ ಹಿಡಿಯಲಾರದು. ನಾನು 5:20ರಿಂದ 5:30 ಅಂತಲೇ ಹಾಕಿಕೊಳ್ಳುತ್ತೇನೆ. ಸತಾರಾ ಹಿಲ್ ಹಾಫ್ ಮ್ಯಾರಥಾನ್‌ನಂತೆ ಮೊದಲರ್ಧ ಘಾಟಿ ಹತ್ತಿ, ಬಂದ ದಾರಿಯಲ್ಲೇ ಇಳಿಯುವ ಓಟಗಳಲ್ಲಿ ಗುರಿ ಸಮಯವನ್ನು ಎರಡು ಸಮಭಾಗ ಮಾಡುವವರು ಕೆಡುವುದು ಇಲ್ಲೇ.

ನಂದಿಯನ್ನೇ ತೆಗೆದುಕೊಳ್ಳಿ. ಘಾಟಿ ಶುರುವಾಗುವಲ್ಲಿಂದ ಮೇಲಿನವರೆಗೆ ಸುಮಾರು ಏಳೂವರೆ ಕಿ.ಮೀ., ಏರಿಕೆ ನಾನೂರು ಚಿಲ್ಲರೆ ಮೀಟರ್, ಸರಾಸರಿ ಹತ್ತಿರ ಹತ್ತಿರ 6%. ಅದಕ್ಕೆ ಗುಣಕ 1.37. 6:00ರ ಓಟಗಾರರಿಗೆ ಕಿಲೋಮೀಟರಿಗೆ 8:13, ಒಟ್ಟು 62 ನಿಮಿಷದ ಆಸುಪಾಸು. ಆದರೆ ಸರಾಸರಿಯನ್ನು ನಂಬಿ ಕೆಳಗಿನ ಸಲೀಸಾದ ಭಾಗದಲ್ಲೂ 8:13 ಹಿಡಿದರೆ ಮೇಲಿನ ಕಡಿದಾದ ತಿರುವುಗಳಲ್ಲಿ ಅದೇ ಪೇಸ್ ಕೊರಳಿಗೆ ಬರುತ್ತದೆ. ಹಾಗಾಗಿ ಕಿಲೋಮೀಟರಿನ ಲೆಕ್ಕ ಬಿಟ್ಟು ಎತ್ತರದ ಲೆಕ್ಕಕ್ಕೆ ಬರುತ್ತೇನೆ: 62 ನಿಮಿಷಕ್ಕೆ 440 ಮೀಟರ್ ಅಂದರೆ ಗಂಟೆಗೆ ಸುಮಾರು 425 ಮೀಟರ್, 10 ನಿಮಿಷಕ್ಕೆ 70. ಪ್ರತಿ 10 ನಿಮಿಷಕ್ಕೊಮ್ಮೆ ಎತ್ತರ ನೋಡಿದರೆ ಸಾಕು. ಸಲೀಸಾದ ಕಡೆ 60 ಆದರೂ ಚಿಂತೆಯಿಲ್ಲ, ಕಡಿದಾದ ಕಡೆ 80 ತಾನಾಗಿ ಬರುತ್ತದೆ.

ಚಾಮುಂಡಿ ಬೆಟ್ಟದ 1008 ಮೆಟ್ಟಿಲಿನಲ್ಲಂತೂ ಪೇಸ್‌ಗೆ ಅರ್ಥವೇ ಇಲ್ಲ. ಅಡ್ಡ ದೂರ ಅಷ್ಟು ಕಡಿಮೆ. ಅಲ್ಲಿ ಮೆಟ್ಟಿಲ ಬುಡದಲ್ಲಿ ಒಮ್ಮೆ, ನಂದಿ ವಿಗ್ರಹದ ಬಳಿ ಒಮ್ಮೆ, ದೇವಸ್ಥಾನದ ಹತ್ತಿರ ಒಮ್ಮೆ ಲ್ಯಾಪ್ ಬಟನ್ ಒತ್ತಿ ಏರಿಕೆಯ ವೇಗ ಮಾತ್ರ ನೋಡುತ್ತೇನೆ.

ಲ್ಯಾಪ್ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ: ಪ್ರತಿ ಕಿಲೋಮೀಟರಿಗೆ ಓಟವನ್ನು ವಾಚೇ ತುಂಡು ಮಾಡಿ ಲೆಕ್ಕ ಇಡುವ ಆಟೋ ಲ್ಯಾಪ್ ಬಂದ್ ಮಾಡಿ. ಒಂದು ಕಿಲೋಮೀಟರಿನ ಲ್ಯಾಪ್‌ನಲ್ಲಿ 600 ಮೀಟರ್ ಏರು, 400 ಮೀಟರ್ ಇಳಿಜಾರು ಸೇರಿದರೆ ಬರುವ ಅಂಕಿ ಯಾವ ಕೆಲಸಕ್ಕೂ ಬಾರದು. ಏರು ಶುರುವಾದಾಗ, ಮುಗಿದಾಗ ಕೈಯಿಂದ ಒತ್ತಿ. ಮೊದಲ ಪರದೆಯಲ್ಲಿ ನಾನು ಇಡುವುದು ನಾಲ್ಕೇ ಅಂಕಿ: ಎದೆಬಡಿತ, ಈಗಿನ ಎತ್ತರ, ಈ ಲ್ಯಾಪ್‌ನ ಏರಿಕೆ, ಈ ಲ್ಯಾಪ್‌ನ ಸಮಯ. ಎರಡನೇ ಪರದೆಯಲ್ಲಿ ಒಟ್ಟು ಏರಿಕೆ, ದೂರ ಮತ್ತು ಗಡಿಯಾರದ ಸಮಯ. ಕಟ್‌ಆಫ್, ಅಂದರೆ ಇಷ್ಟು ಹೊತ್ತಿನೊಳಗೆ ತಲುಪಬೇಕೆಂಬ ಗಡುವು ಇರುವ ಓಟದಲ್ಲಿ ಗಡಿಯಾರದ ಸಮಯ ಬೇಕೇ ಬೇಕು. ದಣಿದ ತಲೆಗೆ ಕಳೆದ ಸಮಯದಿಂದ ಕೂಡಿ ಕಳೆಯುವುದು ಆಗುವುದಿಲ್ಲ. ಟಚ್ ಇರುವ ವಾಚಾದರೆ ಓಡುವಾಗ ಟಚ್ ಲಾಕ್ ಮಾಡಿ. ಒದ್ದೆ ತೋಳಿನ ಬಟ್ಟೆ ತಾಗಿದರೂ ಪರದೆ ತಾನೇ ಸರಿಯುತ್ತದೆ.

ಓಟದ ದಾರಿ ತುಂಬಿರುವ ಜಿಪಿಎಕ್ಸ್ ಫೈಲ್ ಸಿಕ್ಕರೆ ವಾಚಿಗೆ ಹಾಕಿಕೊಳ್ಳಿ. ಗಾರ್ಮಿನ್‌ನ ಕ್ಲೈಂಬ್‌ಪ್ರೋದಂಥ ಸೌಲಭ್ಯಗಳು ದಾರಿಯನ್ನು ಮೊದಲೇ ತುಂಬಿಸಿದ್ದರೆ ಈ ಏರಿನಲ್ಲಿ ಇನ್ನೆಷ್ಟು ಮೀಟರ್ ಹತ್ತುವುದಿದೆ ಎಂದು ತೋರಿಸುತ್ತವೆ. ಆದರೆ ಫೈಲಿನ ಎತ್ತರ ಎಲ್ಲಿಂದ ಬಂದದ್ದು ಅಂತ ಗಮನಿಸಿ. ಕಂಪ್ಯೂಟರಿನಲ್ಲಿ ಎಳೆದ ದಾರಿಗೆ ಎತ್ತರ ಸಿಗುವುದು ಉಪಗ್ರಹ, ಬಾಹ್ಯಾಕಾಶ ನೌಕೆಗಳ ರಾಡಾರ್ ಅಳತೆಯ ನಕ್ಷೆಯಿಂದ. ಅದರಲ್ಲಿ ಬಹಳ ಬಳಕೆಯಲ್ಲಿರುವ, 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯಿಂದ ಅಳೆದ ನಕ್ಷೆಯಲ್ಲಿ ಒಂದೊಂದು ಚೌಕ ಸುಮಾರು 30 ಮೀಟರಿನದು. ಘಾಟಿ ರಸ್ತೆಯೋ ಗುಡ್ಡದ ಪಕ್ಕೆಯನ್ನು ಕೊರೆದು ಮಾಡಿದ್ದು. ದಾರಿಯ ಗೆರೆ ಹತ್ತು ಮೀಟರ್ ಅತ್ತ ಸರಿದರೆ ಕಂದಕದ ಎತ್ತರ, ಇತ್ತ ಸರಿದರೆ ಮೇಲಿನ ಬಂಡೆಯ ಎತ್ತರ. ಹೀಗೆ ಇಲ್ಲದ ಏರಿಳಿತಗಳೆಲ್ಲ ಸೇರಿ ಒಟ್ಟು ಏರಿಕೆ ಉಬ್ಬುತ್ತದೆ. ‘ಫೈಲಿನಲ್ಲಿ 1,500 ಮೀಟರ್ ಇತ್ತು, ವಾಚು 1,200 ತೋರಿಸಿತು’ ಎಂಬ ದೂರಿಗೆ ಬಹುಪಾಲು ಕಾರಣ ಇದೇ.

ಈಗ ವಾಚು ಎತ್ತರ ಅಳೆಯುವ ಬಗೆ. ಎರಡು ದಾರಿಯಿದೆ: ಉಪಗ್ರಹದಿಂದ, ಇಲ್ಲವೇ ಗಾಳಿಯ ಒತ್ತಡದಿಂದ. ಉಪಗ್ರಹದ ಎತ್ತರ ನಿಂತಲ್ಲೇ ಹತ್ತಿಪ್ಪತ್ತು ಮೀಟರ್ ಕುಣಿಯುತ್ತದೆ. ಜೊತೆಗೆ ದಕ್ಷಿಣ ಭಾರತಕ್ಕೇ ಸೇರಿದ ಒಂದು ವಿಚಿತ್ರವೂ ಇದೆ. ಜಿಪಿಎಸ್ ಲೆಕ್ಕ ಹಾಕುವುದು ಭೂಮಿಯ ಗಣಿತದ ಆಕಾರದಿಂದ. ನಮ್ಮ ಕಡೆ ನಿಜವಾದ ಸಮುದ್ರಮಟ್ಟ ಆ ಆಕಾರಕ್ಕಿಂತ ಬಹಳ ಕೆಳಗಿದೆ. ಬೆಂಗಳೂರಿನಲ್ಲಿ ತಿದ್ದದ ಜಿಪಿಎಸ್ ಎತ್ತರ ನಿಜಕ್ಕಿಂತ 80 ಮೀಟರಿಗಿಂತಲೂ ಜಾಸ್ತಿ ಕೆಳಗೆ ಬರುತ್ತದೆ. ವಾಚುಗಳು ಇದನ್ನು ತಿದ್ದಿಯೇ ತೋರಿಸುತ್ತವೆ, ಕೆಲವು ಫೋನ್ ಆ್ಯಪ್‌ಗಳು ತಿದ್ದುವುದಿಲ್ಲ. ಫೋನಿನ ಎತ್ತರ ನೋಡಿ ವಾಚನ್ನು ಸರಿಮಾಡಲು ಹೋಗಬೇಡಿ.

ಒತ್ತಡದ ಸೆನ್ಸರ್, ಅಂದರೆ ಬ್ಯಾರೋಮೀಟರ್ ಇರುವ ವಾಚೇ ಗುಡ್ಡಕ್ಕೆ ಸರಿ. ನಮ್ಮ ಎತ್ತರದಲ್ಲಿ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಇಳಿದರೆ ಸುಮಾರು 9 ಮೀಟರ್ ಮೇಲೆ ಹೋದಂತೆ. ಒಂದೆರಡು ಮೀಟರಿನ ಏರನ್ನೂ ಇದು ಹಿಡಿಯುತ್ತದೆ. ತೊಂದರೆ ಏನೆಂದರೆ ಒತ್ತಡ ಹತ್ತಿದಾಗ ಮಾತ್ರ ಬದಲಾಗುವುದಿಲ್ಲ. ಉಷ್ಣವಲಯದಲ್ಲಿ ಮಳೆ ಮೋಡ ಏನೂ ಇಲ್ಲದಿದ್ದರೂ ಒತ್ತಡ ದಿನಕ್ಕೆ ಎರಡು ಸಲ ಏರಿಳಿಯುತ್ತದೆ: ಬೆಳಿಗ್ಗೆ 10, ರಾತ್ರಿ 10ರ ಸುಮಾರಿಗೆ ಹೆಚ್ಚು, ಬೆಳಗಿನ ಜಾವ 4, ಸಂಜೆ 4ರ ಸುಮಾರಿಗೆ ಕಡಿಮೆ. ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ ಮೂರು ನಾಲ್ಕು ಹೆಕ್ಟೊಪ್ಯಾಸ್ಕಲ್ ಇಳಿಯುವುದು ಮಾಮೂಲು. ಸುಮ್ಮನೆ ಕೂತಿದ್ದರೂ ವಾಚು 30 ಮೀಟರ್ ಹತ್ತಿಸಿಬಿಡುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಕಡೆ ಇಡೀ ದಿನ ನಡೆಯುವ 50 ಕಿ.ಮೀ. ಓಟದಲ್ಲಿ ಹೊರಟ ಜಾಗಕ್ಕೇ ಮರಳಿದರೂ ಎತ್ತರ ತಾಳೆಯಾಗದಿದ್ದರೆ ವಾಚು ಕೆಟ್ಟಿದೆ ಅನ್ನಬೇಡಿ.

ಇದಕ್ಕೆ ನಾನು ಮಾಡುವುದಿಷ್ಟು. ಓಟದ ಹಿಂದಿನ ದಿನ ಗೊತ್ತಿರುವ ಎತ್ತರದಲ್ಲಿ ವಾಚನ್ನು ಕ್ಯಾಲಿಬ್ರೇಟ್ ಮಾಡುತ್ತೇನೆ, ಅಂದರೆ ಆ ಎತ್ತರಕ್ಕೆ ಹೊಂದಿಸುತ್ತೇನೆ. ಎಲ್ಲಕ್ಕಿಂತ ಸುಲಭದ ಜಾಗ ರೈಲು ನಿಲ್ದಾಣ: ಊರಿನ ಹೆಸರಿರುವ ಹಳದಿ ಫಲಕದಲ್ಲಿ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ. ಬೆಳಿಗ್ಗೆ ಹೊರಡುವ ಜಾಗದಲ್ಲಿ ಇನ್ನೊಮ್ಮೆ ನೋಡುತ್ತೇನೆ. ಓಡುತ್ತಿರುವಾಗ ವಾಚು ತನ್ನಷ್ಟಕ್ಕೆ ತಿದ್ದಿಕೊಳ್ಳುವ ಆಯ್ಕೆ ಇದ್ದರೆ ಬಂದ್ ಇಡುತ್ತೇನೆ, ಏಕೆಂದರೆ ನಡುವೆ ಒಮ್ಮೆಲೇ 15 ಮೀಟರ್ ಜಿಗಿದರೆ ಲ್ಯಾಪ್‌ನ ಏರಿಕೆ ಹಾಳು. ವಾಚಿನ ಬದಿಯಲ್ಲೋ ಅಡಿಯಲ್ಲೋ ಇರುವ ಸಣ್ಣ ರಂಧ್ರಗಳೇ ಈ ಸೆನ್ಸರಿನ ಮೂಗು. ಬೆವರಿನ ಉಪ್ಪು ಕಟ್ಟಿಕೊಂಡರೆ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಪ್ರತಿ ಓಟದ ನಂತರ ಸಿಹಿನೀರಿನಲ್ಲಿ ತೊಳೆಯಿರಿ, ಪಿನ್ನು ಚುಚ್ಚಲೇಬೇಡಿ. ಮಳೆ ಜಾಕೆಟ್ಟಿನ ಬಿಗಿ ತೋಳಿನೊಳಗೆ ವಾಚು ಸಿಕ್ಕಿಕೊಂಡರೂ ಇದೇ ಗೋಳು.

ದೂರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೇರ್‌ಪಿನ್ ತಿರುವಿನಲ್ಲಿ ವಾಚು ಮೂಲೆ ಕತ್ತರಿಸುತ್ತದೆ, ದಟ್ಟ ಮರದಡಿ ಗೆರೆ ಸೊಟ್ಟಗಾಗುತ್ತದೆ. ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಹೆಚ್ಚು. 1575.42 ಮತ್ತು 1176.45 ಮೆಗಾಹರ್ಟ್ಸ್ ಎರಡನ್ನೂ ಕೇಳುವ ಡ್ಯುಯಲ್ ಫ್ರೀಕ್ವೆನ್ಸಿ ವಾಚು ಬಂಡೆಗೆ ಬಡಿದು ಬಂದ ಸಂಕೇತವನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಜಿಪಿಎಸ್‌ನಂಥ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ಕೂಡ 1176.45ರಲ್ಲಿದೆ, 2023ರ ಮೇ ತಿಂಗಳಲ್ಲಿ ಇಸ್ರೋ ಹಾರಿಸಿದ ಎನ್‌ವಿಎಸ್-01ರಿಂದ ಮೊದಲನೆಯ ತರಂಗಾಂತರವೂ ಸೇರಿದೆ. ವಾಚು ಯಾವುದೇ ಇರಲಿ, ಪ್ರತಿ ಸೆಕೆಂಡಿಗೆ ದಾಖಲಿಸುವ ಆಯ್ಕೆ ಇಡಿ. ಬ್ಯಾಟರಿ ಉಳಿಸಲು ಉಪಗ್ರಹವನ್ನು ಬಿಟ್ಟು ಬಿಟ್ಟು ಕೇಳುವ ಮೋಡ್ ಘಾಟಿಯಲ್ಲಿ ತಿರುವುಗಳನ್ನೇ ನುಂಗಿಹಾಕುತ್ತದೆ. ಬ್ಯಾಟರಿ ಸಾಲದು ಅನ್ನಿಸಿದರೆ ಮೊದಲು ಪರದೆಯ ಬೆಳಕು, ಫೋನ್ ಬ್ಲೂಟೂತ್, ಸಂಗೀತ ಬಂದ್ ಮಾಡಿ. ಹಿಂದಿನ ರಾತ್ರಿ ಫೋನಿಗೆ ಸಿಂಕ್ ಮಾಡಿ ಉಪಗ್ರಹದ ಮಾಹಿತಿ ತುಂಬಿಸಿಕೊಳ್ಳಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾತ್ರ ಆ ರಾತ್ರಿ ಬೇಡವೇ ಬೇಡ.

ಎದೆಬಡಿತಕ್ಕೆ ಗುಡ್ಡದಲ್ಲಿ ಚೆಸ್ಟ್ ಸ್ಟ್ರಾಪ್ ಕಟ್ಟುತ್ತೇನೆ. ಮಣಿಕಟ್ಟಿನ ಬೆಳಕಿನ ಸೆನ್ಸರ್ ಹೆಜ್ಜೆಯ ಬಡಿತವನ್ನೇ ಎದೆಬಡಿತ ಎಂದುಕೊಂಡು 175ರಲ್ಲಿ ಅಂಟಿಕೊಳ್ಳುವುದುಂಟು. ಕೈಯನ್ನು ಮಂಡಿಗೆ ಒತ್ತಿ ಹತ್ತುವಾಗ ಮಣಿಕಟ್ಟು ಮಡಚಿ ಇನ್ನೂ ಕೆಡುತ್ತದೆ. ಸ್ಟ್ರಾಪ್ ಕಟ್ಟುವ ಮುಂಚೆ ಪಟ್ಟಿಯನ್ನು ನೀರಿನಲ್ಲಿ ಒದ್ದೆ ಮಾಡಿ, ಇಲ್ಲದಿದ್ದರೆ ಬೆವರು ಬರುವವರೆಗೆ ಅಂಕಿ ಹಾರಾಡುತ್ತದೆ. 220ರಿಂದ ವಯಸ್ಸು ಕಳೆದು ವಾಚು ಹಾಕಿಕೊಂಡ ಗರಿಷ್ಠ ಬಡಿತವನ್ನು ನಂಬಬೇಡಿ. ಆರೋಗ್ಯ ಚೆನ್ನಾಗಿದ್ದರೆ 15 ನಿಮಿಷ ಮೈ ಬಿಸಿ ಮಾಡಿಕೊಂಡು, 3 ನಿಮಿಷದ ಏರನ್ನು ಮೂರು ಸಲ, ಕೊನೆಯದನ್ನು ಇದ್ದಷ್ಟೂ ಬಲ ಹಾಕಿ ಓಡಿ. ಆಗ ಕಂಡ ಅತಿ ಹೆಚ್ಚಿನ ಅಂಕಿಯನ್ನು ಹಾಕಿಕೊಳ್ಳಿ. ಉದ್ದ ಓಟದ ಮೊದಲರ್ಧದ ಏರುಗಳಲ್ಲಿ ಅದರ 85% ದಾಟದಂತೆ ನಾನು ನೋಡಿಕೊಳ್ಳುತ್ತೇನೆ. ಬಡಿತ ಏರಿಗೆ ಸ್ಪಂದಿಸಲು ಅರ್ಧದಿಂದ ಒಂದು ನಿಮಿಷ ಬೇಕು. ಏರಿನ ಮೊದಲ ನಿಮಿಷ ಅಂಕಿ ಕಡಿಮೆಯೇ ಇರುತ್ತದೆ. ಆಗ ಉಸಿರನ್ನು ಕೇಳಿ. ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ ಹೆಜ್ಜೆ ಚಿಕ್ಕದು ಮಾಡಿ. ಪೇಸ್ 10:30 ದಾಟುವಷ್ಟು ಕಡಿದಾದರೆ ನಡೆಯಿರಿ. ಚುರುಕಾಗಿ ನಡೆದರೆ ಹೆಚ್ಚುಕಡಿಮೆ ಅದೇ ವೇಗ, ಬಡಿತ ಮಾತ್ರ ಕಡಿಮೆ.

ಇಳಿಜಾರಿನಲ್ಲಿ ಎದೆಬಡಿತ ಮೋಸದ ಅಂಕಿ. ಅದು ಆರಾಮವಾಗಿ ಇಳಿಯುತ್ತಿರುವಾಗಲೇ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿದು ಹರಿಯುತ್ತಿರುತ್ತದೆ. ನೋವು ತಿಳಿಯುವುದು ಮಾರನೆಯ ದಿನ, ಕೆಲವರಿಗೆ ಮೂರನೆಯ ದಿನ. ನಾನು ಇಲ್ಲಿ ನೋಡುವುದು ಹೆಜ್ಜೆಯ ಗತಿ ಒಂದೇ: ನಿಮಿಷಕ್ಕೆ 180ರ ಹತ್ತಿರ, ಪಾದ ಸೊಂಟದ ಕೆಳಗೇ ಬೀಳುವಂತೆ. ದಕ್ಷಿಣ ಆಫ್ರಿಕದ ಕಾಮ್ರೇಡ್ಸ್ ಓಟಕ್ಕೆ ಹೋಗುವ ನಮ್ಮವರು ಡೌನ್ ರನ್ ವರ್ಷ, ಅಂದರೆ ಇಳಿಯುವ ದಿಕ್ಕಿನಲ್ಲಿ ಓಡಿಸುವ ವರ್ಷ, ಸುಲಭ ಅಂದುಕೊಂಡರೆ, ಫೀಲ್ಡ್ಸ್ ಹಿಲ್ ಇಳಿಜಾರು 60 ಕಿ.ಮೀ. ದಾಟಿದ ಮೇಲೆ ಬರುತ್ತದೆ ಎಂಬುದು ನೆನಪಿರಲಿ. ಇಳಿಯುವ ಅಭ್ಯಾಸಕ್ಕೆ, ಮುಂದಕ್ಕೆ ಇಳಿಜಾರಾಗದ ಸಾಮಾನ್ಯ ಟ್ರೆಡ್‌ಮಿಲ್ ಪ್ರಯೋಜನವಿಲ್ಲ. ಓಟಕ್ಕೆ 10ರಿಂದ 14 ದಿನ ಮುಂಚೆ ಒಂದು ಉದ್ದದ ಇಳಿಜಾರು ಓಡಿದರೆ ಸ್ನಾಯು ಗಟ್ಟಿಯಾಗಿ ಮುಂದಿನ ಸಲದ ಹಾನಿ ಕಡಿಮೆ. ನಂದಿಯಲ್ಲಿ ಇಳಿಯುವಾಗ ವಾಹನ ಎದುರು ಬರುವ ಬದಿಯಲ್ಲೇ ಓಡಿ, ತಿರುವಿನ ಒಳಮೂಲೆ ಬಿಟ್ಟು. ಭಾನುವಾರದ ಬೈಕುಗಳು ಆ ಮೂಲೆಯನ್ನೇ ಹಿಡಿಯುತ್ತವೆ.

ತಿನ್ನುವ ಅಲಾರಂ ದೂರಕ್ಕೆ ಬೇಡ, ಸಮಯಕ್ಕೆ ಇಡಿ. ಗುಡ್ಡದಲ್ಲಿ 5 ಕಿ.ಮೀ. ಎಂದರೆ ಒಮ್ಮೆ 30 ನಿಮಿಷ, ಒಮ್ಮೆ 55. ನನ್ನದು 25 ನಿಮಿಷಕ್ಕೊಮ್ಮೆ ಗುಂಯ್‌ಗುಡುತ್ತದೆ. ಎರಡು ಖರ್ಜೂರವೋ ಅರ್ಧ ಬಾಳೆಹಣ್ಣೋ ಒಂದು ತುಂಡು ಚಿಕ್ಕಿಯೋ. ಏದುಸಿರಿನಲ್ಲಿ ಚಿಕ್ಕಿ ಅಗಿಯಲು ಹೋಗಬೇಡಿ, ಕೆಮ್ಮು ಹತ್ತುತ್ತದೆ. ಅಲಾರಂ ಏರಿನ ನಡುವೆ ಬಂದರೆ ನೆತ್ತಿ ತಲುಪುವವರೆಗೆ ತಡೆದುಕೊಳ್ಳುತ್ತೇನೆ.

ಓಟ ಮುಗಿದ ಮೇಲೆ ಮನೆಯಲ್ಲಿ ಲ್ಯಾಪ್‌ಗಳನ್ನು ತೆರೆದು, ಮೊದಲ ದೊಡ್ಡ ಏರು ಮತ್ತು ಕೊನೆಯ ದೊಡ್ಡ ಏರಿನ ಗಂಟೆವಾರು ಏರಿಕೆಯನ್ನೂ ಬಡಿತವನ್ನೂ ಪಕ್ಕಪಕ್ಕ ಇಡುತ್ತೇನೆ. ಬಡಿತ ಅಷ್ಟೇ ಇದ್ದು ಏರಿಕೆ 10%ರೊಳಗೆ ಇಳಿದಿದ್ದರೆ ಹೊರಟ ವೇಗ ಸರಿಯಿತ್ತು. 25% ಇಳಿದಿದ್ದರೆ ಮುಂದಿನ ಸಲ ಮೊದಲ ಏರಿನ ಮಿತಿಯನ್ನು 5 ಬಡಿತ ಕೆಳಗಿಡುತ್ತೇನೆ. ಏರಿಗೆ ಹೊಂದಿಸಿದ ಪೇಸ್, ಅಂದರೆ ಅದೇ ಶ್ರಮ ಸಮತಟ್ಟಿನಲ್ಲಿ ಎಷ್ಟು ಪೇಸ್ ಆಗುತ್ತಿತ್ತು ಎಂಬ ಲೆಕ್ಕ, ನೋಡುವ ಹೊತ್ತೂ ಇದೇ. ಓಡುವಾಗ ಆ ಅಂಕಿ ಹತ್ತಿಪ್ಪತ್ತು ಸೆಕೆಂಡ್ ಹಿಂದಿರುತ್ತದೆ. ಆ್ಯಪ್‌ನಲ್ಲಿ ಎತ್ತರ ತಿದ್ದುವ ಗುಂಡಿ ಕಂಡರೆ, ಬ್ಯಾರೋಮೀಟರ್ ವಾಚಿನವರು ಅದನ್ನು ಒತ್ತಬೇಡಿ. ಒತ್ತಿದರೆ ನಿಮ್ಮ ಒಳ್ಳೆಯ ಅಳತೆಯ ಜಾಗಕ್ಕೆ ನಕ್ಷೆಯ ಅಂಕಿ ಬಂದು ಕೂರುತ್ತದೆ.