ಜಮಾಅತಿನ ಯುವಜನರಿಗೆ ಹೊಣೆ ವಹಿಸುವುದು ಹೇಗೆ? ಆರಂಭಿಕ ಇಸ್ಲಾಮಿನ ಮಾದರಿಗಳು

ನಮ್ಮ ಮೊಹಲ್ಲಾಗಳಲ್ಲಿ ಯುವಕರು ಇಫ್ತಾರ್ ಬಡಿಸುತ್ತಾರೆ, ಮೀಲಾದ್‌ಗೆ ತೋರಣ ಕಟ್ಟುತ್ತಾರೆ, ರಕ್ತದಾನ ಶಿಬಿರಕ್ಕೆ ಜನ ಕರೆತರುತ್ತಾರೆ. ಆದರೆ ಮಸೀದಿಯ ಸಮುದಾಯವನ್ನು ನಡೆಸುವ ಜಮಾಅತ್ ಕಮಿಟಿಯ ಲೆಕ್ಕಪುಸ್ತಕ ಅವರ ಕೈಗೆ ಬರುವುದು ಅಪರೂಪ. ಪ್ರವಾದಿ ಮುಹಮ್ಮದ್(ಸ) ಅವರ ಕಾಲದಲ್ಲಿ ಯುವಜನರನ್ನು ಬೆಳೆಸಿದ್ದು ಮುಖ್ಯವಾಗಿ ನಿಜವಾದ ಹೊಣೆಯನ್ನು ಅವರ ಹೆಗಲಿಗೇರಿಸುವ ಮೂಲಕ. ಅದೇ ಕ್ರಮವನ್ನು ಇಂದಿನ ಕಮಿಟಿಯೊಂದು ಅನುಸರಿಸಬಯಸಿದರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು, ಯಾವ ಕೆಲಸ ಯಾರಿಗೆ ಬರುತ್ತದೆ ಎಂಬುದನ್ನು ವಯಸ್ಸು ಬದಿಗಿಟ್ಟು ಗುರುತಿಸಬೇಕು. ಅಮ್ರ್ ಬಿನ್ ಸಲಿಮಾ(ರ) ಆರೇಳು ವರ್ಷದ ಬಾಲಕನಾಗಿದ್ದಾಗ, ತನ್ನ ಊರಿನ ನೀರಿನ ತಾಣದಲ್ಲಿ ತಂಗುತ್ತಿದ್ದ ಪ್ರಯಾಣಿಕರಿಂದ ಕೇಳಿ ಕೇಳಿ ಕುರ್‌ಆನ್ ಕಲಿತಿದ್ದರು. ಉಳಿದೆಲ್ಲರಿಗಿಂತ ಹೆಚ್ಚು ಬಲ್ಲವರೆಂಬ ಕಾರಣಕ್ಕೆ ಅವರ ಕುಲದವರು ಅವರನ್ನೇ ನಮಾಝ್ ಮುನ್ನಡೆಸುವ ಇಮಾಮರನ್ನಾಗಿ ಮುಂದೆ ನಿಲ್ಲಿಸಿದರು. ಸುಜೂದ್‌ಗೆ (ಸಾಷ್ಟಾಂಗಕ್ಕೆ) ಹೋದಾಗ ಅವರ ಗಿಡ್ಡ ಬಟ್ಟೆ ಮೇಲೆ ಸರಿಯುತ್ತದೆ ಎಂದು ಒಬ್ಬ ಮಹಿಳೆ ಆಕ್ಷೇಪಿಸಿದಾಗ ಜನರು ಬಾಲಕನನ್ನು ಸ್ಥಾನದಿಂದ ಇಳಿಸಲಿಲ್ಲ, ಬಟ್ಟೆ ಕೊಂಡು ಅಂಗಿ ಹೊಲಿಸಿಕೊಟ್ಟರು. ಬಾಲಕರ ಇಮಾಮತ್ ಬಗ್ಗೆ ಮದ್‌ಹಬ್‌ಗಳಲ್ಲಿ (ಧರ್ಮಶಾಸ್ತ್ರದ ಪಂಥಗಳಲ್ಲಿ) ಭಿನ್ನಾಭಿಪ್ರಾಯವಿದೆ, ಅದು ಉಲಮಾಗಳು (ಧಾರ್ಮಿಕ ವಿದ್ವಾಂಸರು) ಹೇಳಬೇಕಾದ ವಿಷಯ. ಕಮಿಟಿಯವರು ಗಮನಿಸಬೇಕಾದದ್ದು ಆ ಅಂಗಿಯನ್ನು. ಹೊಣೆ ಹೊತ್ತ ಹುಡುಗನಲ್ಲಿ ಕೊರತೆ ಕಂಡರೆ ಅದನ್ನು ತುಂಬಿಕೊಡುವ ಕೆಲಸ ಹಿರಿಯರದು.

ಮಸೀದಿಗೆ ಬರುವ ಸಭ್ಯ ಹುಡುಗರನ್ನಷ್ಟೇ ಪಟ್ಟಿಯಲ್ಲಿ ಸೇರಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. 630ರಲ್ಲಿ ಪ್ರವಾದಿ(ಸ) ಹುನೈನ್ ಯುದ್ಧದಿಂದ ಮರಳುವ ದಾರಿಯಲ್ಲಿ ಮಕ್ಕಾದ ಕೆಲವು ಹುಡುಗರು ಅಝಾನನ್ನು (ನಮಾಝಿನ ಕರೆಯನ್ನು) ಅಣಕಿಸಿ ಕೂಗುತ್ತಿದ್ದರು. ಪ್ರವಾದಿ(ಸ) ಆ ಹುಡುಗರನ್ನು ಕರೆಸಿ, ಎತ್ತರದ ದನಿ ಯಾರದೆಂದು ವಿಚಾರಿಸಿದಾಗ ಎಲ್ಲರೂ ಅಬೂ ಮಹ್‌ಝೂರಾ(ರ) ಅವರತ್ತ ಬೆರಳು ತೋರಿಸಿದರು. ಅವರಿಗೆ ಸಿಕ್ಕಿದ್ದು ಅಝಾನಿನ ಪಾಠ ಮತ್ತು ಸ್ವಲ್ಪ ಬೆಳ್ಳಿಯಿದ್ದ ಒಂದು ಚೀಲ. ಅವರೇ ಕೇಳಿಕೊಂಡ ಮೇಲೆ ಮಕ್ಕಾದಲ್ಲಿ ಅಝಾನ್ ಕೂಗುವ ಮುಅದ್ದಿನ್ ಹುದ್ದೆಯೂ ದೊರೆಯಿತು. ಅವರು ಹೋಗಿ ವರದಿ ಮಾಡಿಕೊಂಡ ಮಕ್ಕಾದ ರಾಜ್ಯಪಾಲ ಅತ್ತಾಬ್ ಬಿನ್ ಅಸೀದ್(ರ) ಕೂಡ ಆಗ ಇಪ್ಪತ್ತರ ಆಸುಪಾಸಿನ ಯುವಕರೇ. ಆದ್ದರಿಂದ ಕಟ್ಟೆಯ ಮೇಲೆ ಕುಳಿತು ಕಮಿಟಿಯನ್ನು ಗೇಲಿ ಮಾಡುವ ಹುಡುಗನನ್ನು ಒಮ್ಮೆ ಬೇರೆಯಾಗಿ ಕರೆದು ಮಾತನಾಡಿಸಿ, ಅವನಿಗೆ ಯಾವುದು ಚೆನ್ನಾಗಿ ಬರುತ್ತದೆ ಎಂದು ತಿಳಿದುಕೊಳ್ಳಿ.

ಮೂರನೆಯದಾಗಿ, ಸಮುದಾಯಕ್ಕೆ ನಿಜಕ್ಕೂ ಬೇಕಾದ ಒಂದು ವಿದ್ಯೆಯನ್ನು ಆಯ್ದ ಒಬ್ಬರಿಗೆ ಕಲಿಸಬೇಕು. ಝೈದ್ ಬಿನ್ ಸಾಬಿತ್(ರ) ಹಿಜ್ರಾದ, ಅಂದರೆ ಪ್ರವಾದಿ(ಸ) ಮಕ್ಕಾದಿಂದ ಮದೀನಾಗೆ ವಲಸೆ ಹೋದ, ಹೊತ್ತಿಗೆ ಹನ್ನೊಂದು ವರ್ಷದವರು. ಯಹೂದಿಯರೊಂದಿಗಿನ ಪತ್ರವ್ಯವಹಾರಕ್ಕಾಗಿ ಅವರ ಲಿಪಿ ಕಲಿಯುವಂತೆ ಪ್ರವಾದಿ(ಸ) ಸೂಚಿಸಿದರು. ಮುಂದೆ ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕ ಹಾಫಿಝರು ಹುತಾತ್ಮರಾದಾಗ, ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಮಹಾಕಾರ್ಯವನ್ನು ಮೊದಲ ಖಲೀಫ ಅಬೂಬಕರ್(ರ) ಇವರಿಗೇ ವಹಿಸಿದರು. ನಮ್ಮಲ್ಲಿ ಇಂಥ ವಿದ್ಯೆಗೆ ಎದುರು ನೋಡುತ್ತಿರುವುದು ಮಸೀದಿಯ ಬೀರುವಿನಲ್ಲಿ ಕಟ್ಟಿಟ್ಟ ವಕ್ಫ್ ಕಾಗದಗಳು. ಹಳೆಯ ಉರ್ದು ಬರಹ ಓದುವುದು, ಪಹಣಿ ಮತ್ತು ಖಾತೆ ಅರ್ಥಮಾಡಿಕೊಳ್ಳುವುದು, ಅವುಗಳನ್ನು ಸ್ಕ್ಯಾನ್ ಮಾಡಿ ಕ್ರಮವಾಗಿಡುವುದು ಇವುಗಳನ್ನು ಕಾಲೇಜಿನ ಒಬ್ಬ ಹುಡುಗ ಅಥವಾ ಹುಡುಗಿಗೆ ಕಲಿಸಿ. ಕಲಿಸುವವರ ಖರ್ಚನ್ನು ಜಮಾಅತ್ ಭರಿಸಲಿ.

ಹುಡುಗಿಯೆಂದು ಹಿಂಜರಿಯಬೇಕಾಗಿಲ್ಲ. ಹಿಜ್ರಾದ ವೇಳೆ ಪ್ರವಾದಿ(ಸ) ಮತ್ತು ಅಬೂಬಕರ್(ರ) ಅಡಗಿದ್ದ ಸೌರ್ ಗುಹೆಗೆ ಹೋಗಬೇಕಿದ್ದ ಆಹಾರವನ್ನು ಸಿದ್ಧಪಡಿಸಿ, ತಮ್ಮ ನಡುಪಟ್ಟಿಯನ್ನೇ ಹರಿದು ಕಟ್ಟಿಕೊಟ್ಟವರು ಅಸ್ಮಾ ಬಿಂತ್ ಅಬೂಬಕರ್(ರ). ಅವರ ತಂಗಿ ಆಯಿಶಾ(ರ) ಅವರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು (ಪ್ರವಾದಿಯವರ ನುಡಿ-ನಡೆಗಳ ವರದಿಗಳು) ನಮಗೆ ಬಂದಿವೆ.

ಎಲ್ಲಕ್ಕಿಂತ ಕಠಿಣವಾದದ್ದು, ಅಧಿಕಾರ ಕೊಟ್ಟ ಮೇಲೆ ಅದಕ್ಕೆ ಬದ್ಧರಾಗಿರುವುದು. 632ರಲ್ಲಿ ಸಿರಿಯಾದ ಗಡಿಯತ್ತ ಹೊರಟ ಸೇನೆಗೆ ಹದಿನೆಂಟರ ಆಸುಪಾಸಿನ ಉಸಾಮಾ ಬಿನ್ ಝೈದ್(ರ) ನಾಯಕರಾದಾಗ, ಉಮರ್(ರ) ಅವರಂಥ ಹಿರಿಯರಿದ್ದ ಸೇನೆಗೆ ಈ ಹುಡುಗನೇ ಎಂಬ ಗೊಣಗಾಟ ಎದ್ದಿತು. ಅನಾರೋಗ್ಯದಲ್ಲಿದ್ದ ಪ್ರವಾದಿ(ಸ) ಜನರೆದುರೇ ಉಸಾಮಾರ ಅರ್ಹತೆಯನ್ನು ಸಮರ್ಥಿಸಿದರು. ಪ್ರವಾದಿ(ಸ) ಅವರ ನಿಧನಾನಂತರ ಖಲೀಫರಾದ ಅಬೂಬಕರ್(ರ) ನಾಯಕನನ್ನು ಬದಲಿಸಲು ಒಪ್ಪದೆ, ಸವಾರಿಯ ಮೇಲಿದ್ದ ಉಸಾಮಾರ ಪಕ್ಕದಲ್ಲಿ ತಾವು ನಡೆದುಕೊಂಡೇ ಹೋಗಿ ಬೀಳ್ಕೊಟ್ಟರು. ಉಮರ್(ರ) ಅವರನ್ನು ಮದೀನಾದಲ್ಲಿ ಉಳಿಸಿಕೊಳ್ಳಬೇಕೆಂದಾಗ ಅದಕ್ಕೆ ಉಸಾಮಾರ ಅನುಮತಿ ಕೇಳಿದರು.

ಇದನ್ನು ಕಮಿಟಿಯ ನಡವಳಿಕೆಗೆ ಇಳಿಸುವುದು ಹೀಗೆ. ವಿದ್ಯಾರ್ಥಿವೇತನ ಅರ್ಜಿಗಳ ನೆರವು ಅಥವಾ ಝಕಾತ್ ವಿತರಣೆಯ ಸಂಚಾಲಕತ್ವವನ್ನು ಯುವಕನೊಬ್ಬನಿಗೆ ಒಪ್ಪಿಸಿದರೆ, ಅದನ್ನು ಲಿಖಿತ ನಿರ್ಣಯವಾಗಿ ದಾಖಲಿಸಿ, ಶುಕ್ರವಾರದ ಜುಮಾ ನಮಾಝಿನ ನಂತರ ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿಯವರೇ ಎಲ್ಲರೆದುರು ಪ್ರಕಟಿಸಲಿ. ಅವನ ಬಗ್ಗೆ ದೂರು ಬಂದರೆ ಅವನನ್ನೂ ಕರೆಸಿ ಆಲಿಸಿ. ಅವನ ಬೆನ್ನ ಹಿಂದೆ ತೀರ್ಮಾನ ಬೇಡ. ಅಧ್ಯಕ್ಷರಿಗೆ ಆ ತಂಡದ ಒಬ್ಬ ಹುಡುಗ ಬೇರೆ ಕೆಲಸಕ್ಕೆ ಬೇಕಾದರೂ ಮೊದಲು ಸಂಚಾಲಕನನ್ನೇ ಕೇಳಲಿ. ಹಣದ ವಿಷಯದಲ್ಲಿ ಮಾತ್ರ ಅವನ ಸಹಿಯ ಜೊತೆಗೆ ಖಜಾಂಚಿಯ ಸಹಿಯೂ ಇರಲಿ, ಮತ್ತು ಆ ನಿಯಮ ಕಮಿಟಿಯ ಹಿರಿಯರಿಗೂ ಅನ್ವಯಿಸಲಿ.