ಮುಕ್ಕಾಲು ವೋಲ್ಟಿನಲ್ಲಿ ವೀಳ್ಯದೆಲೆಗೆ ತಾಮ್ರ: ನನ್ನ ಅನುಭವ

ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ ನೀರಲ್ಲಿ ಕರೆಂಟು ಹರಿಸಿ ವೀಳ್ಯದೆಲೆಗೆ ತಾಮ್ರ ಕೂರಿಸ್ತೀನಿ. ಮೊನ್ನೆ ತೊಟ್ಟಿಯಿಂದ ಎತ್ತಿದ ಎಲೆಯನ್ನ ಮೇಜಿಗೆ ತಟ್ಟಿದೆ, ಟಣ್ ಅಂತು. ಒಂದೊಂದು ನರವೂ ಎದ್ದು ಕಾಣುತ್ತಿದೆ, ಬಣ್ಣ ಹುಣಸೆಹಣ್ಣಲ್ಲಿ ತಿಕ್ಕಿದ ಚೊಂಬಿನ ಹಾಗೆ. "ಮೂರು ವೋಲ್ಟಿಗೆ ಕಮ್ಮಿ ಕೊಟ್ರೆ ತಾಮ್ರ ಕೂರಲ್ಲ ಸ್ವಾಮಿ" ಅಂತ ಎಂಟು ತಿಂಗಳಿಂದ ಹೇಳುತ್ತಿದ್ದ ಮಂಡ್ಯದ ಪ್ಲೇಟಿಂಗ್ ಅಂಗಡಿಯವರು ಅದನ್ನ ತಿರುಗಿಸಿ ತಿರುಗಿಸಿ ನೋಡಿದರು. ಅದಕ್ಕೇ ಬರೀತಿದ್ದೀನಿ.

ಮೊದಲು ಹಿಡಿದದ್ದು 12 ವೋಲ್ಟಿನ ಬ್ಯಾಟರಿ ಚಾರ್ಜರ್. ಬುಸುಬುಸು ಗುಳ್ಳೆ, ಹತ್ತೇ ನಿಮಿಷಕ್ಕೆ ಎಲೆ ತುಂಬ ಕಂದುಗಪ್ಪು ಕೆಸರು. ಒರೆಸಿದರೆ ಕಾಫಿಪುಡಿ ಥರ ಉದುರಿತು. ಎಲೆ ಪಕ್ಕದ ನೀರಿನಲ್ಲಿದ್ದ ತಾಮ್ರ ಮುಗಿದು, ಹೊಸದು ಬಂದು ಸೇರುವಷ್ಟರಲ್ಲಿ ಕರೆಂಟು ಹೈಡ್ರೋಜನ್ ಎಬ್ಬಿಸಿಬಿಡುತ್ತೆ. 5 ವೋಲ್ಟಿಗೆ ಇಳಿಸಿದೆ, ಅದೇ ಕಥೆ. 3ರಲ್ಲಿ ಮಧ್ಯ ಪರವಾಗಿಲ್ಲ, ಅಂಚಿಗೆಲ್ಲ ರಾಗಿಕಾಳಿನಂಥ ಗಂಟು, ತುದಿಯಲ್ಲಿ ಕವಲೊಡೆದ ಕಡ್ಡಿ. ಬೋರ್ ನೀರಲ್ಲಿ ಮೈಲುತುತ್ತ ಕರಗಿಸಿ, ಬಿಳಿನೀಲಿ ಗಸಿ ಎದ್ದು ಒಂದು ತೊಟ್ಟಿ ಪೂರಾ ಕೆಟ್ಟಿತು. ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯ್ತು. ಮನೇಲಿ ಮಾತು ಕೇಳಿದ್ದು ಬೇರೆ.

ಕೊನೆಗೆ ವೋಲ್ಟು, ಆಂಪಿಯರ್ ಎರಡನ್ನೂ ಬೇರೆಬೇರೆ ತಿರುಗಿಸೋ ಪವರ್ ಸಪ್ಲೈ ಒಂದನ್ನ ಹಳೇದೇ ಕೊಂಡೆ, ಮೂರು ಸಾವಿರ. ಲೀಟರ್ ಬ್ಯಾಟರಿ ನೀರಿಗೆ 200 ಗ್ರಾಂ ಮೈಲುತುತ್ತ, ಬ್ಯಾಟರಿ ಆಸಿಡ್ 100 ಎಂ.ಎಲ್. ಚಿಲ್ಲರೆ. ಎಲೆಯ ಎರಡೂ ಕಡೆ ಪ್ಲಸ್ಸಿಗೆ ಕಟ್ಟಿದ ತಾಮ್ರದ ತಗಡು, ಹಳೇ ಪಂಚೆಯ ಚೀಲದಲ್ಲಿ. ಮೈಸೂರು ಚಿಗುರೆಲೆಗೆ ಕರೆಂಟು ಹರೀಲಿ ಅಂತ ಗ್ರಾಫೈಟ್ ಬಳಿದು ಇಳಿಬಿಟ್ಟೆ. ಗ್ರಾಫೈಟಿಗೆ ಏನು ಕಲಸುತ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ.

ಮೊದಲೆರಡು ಗಂಟೆ 0.4 ವೋಲ್ಟ್. ಎಲೆತೊಟ್ಟಿಗೆ ಕಟ್ಟಿದ ಮೈನಸ್ ತಂತಿಯಿಂದ ಹೊರಟ ಗುಲಾಬಿ ಬಣ್ಣ ನಿಧಾನಕ್ಕೆ ಹಬ್ಬಿ ತುದಿ ಮುಟ್ಟೋದನ್ನ ಕೂತು ನೋಡಿದೆ. ಪೂರ್ತಿ ಮುಚ್ಚಿದ ಮೇಲೆ 0.75ಕ್ಕೆ ಏರಿಸಿದೆ. ಮೀಟರಲ್ಲಿ 1 ಆಂಪಿಯರ್ ಆಸುಪಾಸು, ಗುಳ್ಳೆ ಒಂದೂ ಇಲ್ಲ. ಒಂದು ಆಂಪಿಯರಿಗೆ ಗಂಟೆಗೆ 1.2 ಗ್ರಾಂ ಲೆಕ್ಕ. ಆಮೇಲಿನ 12 ಗಂಟೆಗೆ 14 ಬರಬೇಕು, ತಕ್ಕಡಿಯಲ್ಲಿ 13 ಚಿಲ್ಲರೆ ಬಂತು.

ನನ್ನ 0.75 ಅನ್ನ ಹಾಗೇ ಎತ್ತಿಕೊಳ್ಳಬೇಡಿ. ಅದು ತಗಡಿಗೂ ಎಲೆಗೂ 10 ಸೆಂ.ಮೀ. ಇದ್ದಾಗಿನ ಮಾತು. ಅಷ್ಟೇ ವೋಲ್ಟಿಟ್ಟು ತಗಡನ್ನ ಅರ್ಧ ದೂರಕ್ಕೆ ತಂದೆ, ಆಂಪಿಯರ್ ಒಂದೂವರೆ ದಾಟಿತು, ಅಂಚು ಮತ್ತೆ ಒರಟಾಯ್ತು. ಕಣ್ಣು ಆಂಪಿಯರ್ ಮೇಲಿರಲಿ.

ಅಂಗಡಿಯವರ ಮೂರು ವೋಲ್ಟು ಎಲ್ಲಿಂದ ಬಂತು ಅಂತ ಹುಡುಕೋಕೆ ತಗಡು ತೆಗೆದು ಹಳೇ ಸೆಲ್ಲಿನ ಇಂಗಾಲದ ಕಡ್ಡಿ ಹಾಕಿ ನೋಡಿದೆ. ಆಗ ನಿಜಕ್ಕೂ ಎರಡು ವೋಲ್ಟಿನವರೆಗೆ ಹೆಚ್ಚೇನೂ ಕೂರಲಿಲ್ಲ. ತಾಮ್ರದ ತಗಡಾದರೆ ಅಲ್ಲಿ ಕರಗಿದ್ದು ಇಲ್ಲಿ ಕೂರುತ್ತೆ, ಕಡ್ಡಿಯಾದರೆ ನೀರನ್ನೇ ಒಡೆಯಬೇಕು. ಕಡ್ಡಿ ಸುತ್ತ ಗುಳ್ಳೆ ಬಂತು, ಎರಡು ದಿನದಲ್ಲಿ ನೀಲಿ ತೆಳುವಾಯ್ತು. ಅವರು ಹೇಳಿದ್ದು ಅವರ ತೊಟ್ಟಿಗೆ ಸರಿ.

ತುದಿಯಲ್ಲಿ ಗಂಟು ಕಟ್ಟೋದನ್ನ ತಪ್ಪಿಸೋಕೆ ಎಲೆ ಸುತ್ತ ಬೆರಳಗಲ ದೂರದಲ್ಲಿ ಒಂದು ತಾಮ್ರದ ತಂತಿ ಬಾಗಿಸಿಟ್ಟು, ಎಲೆಯ ತಂತಿಗೇ ಕಟ್ಟಿ. ಗಂಟೆಲ್ಲ ಅದರ ಮೇಲೆ ಬೆಳೆಯುತ್ತೆ. ಈಗ ಒಂದೇ ತೊಟ್ಟಿಯಲ್ಲಿ ನಾಲ್ಕು ಎಲೆ ಇಳಿಬಿಟ್ಟಿದ್ದೀನಿ, ಮೀಟರ್ 4 ಆಂಪಿಯರ್ ತೋರಿಸ್ತಿದೆ, ವೋಲ್ಟು ಅದೇ ಮುಕ್ಕಾಲು.