ಟೋ ಸಿಕ್ಕ ಲ್ಯಾಪು, ಸ್ವಂತ ಲ್ಯಾಪು

165 ಸಿಸಿ ವರ್ಗದ ರೇಸ್ ಬೈಕಿನ ಹಿಂದಿನ ಚಕ್ರಕ್ಕೆ ಸಿಗುವುದು ಸುಮಾರು 15–16 ಅಶ್ವಶಕ್ತಿ. ಸ್ಟ್ರೇಟ್‌ನಲ್ಲಿ, ಅಂದರೆ ಟ್ರ್ಯಾಕಿನ ನೇರ ಭಾಗದಲ್ಲಿ, ಅದರ ಬಹುಪಾಲನ್ನು ಗಾಳಿಯೇ ತಿಂದುಹಾಕುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರಿದರೆ, ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ (ವೇಗ × ವೇಗ × ವೇಗ) ತಕ್ಕಂತೆ ಏರುತ್ತದೆ. ಟ್ಯಾಂಕಿನ ಮೇಲೆ ಬೋರಲು ಮಲಗಿದ ಸವಾರನಿಗೂ ಗಂಟೆಗೆ 100 ಕಿ.ಮೀ. ಓಡಲು ಗಾಳಿಯ ಬಾಬ್ತು ಸುಮಾರು 6 ಅಶ್ವಶಕ್ತಿ ಬೇಕು. 140ಕ್ಕೆ ಹೋಗಬೇಕೆಂದರೆ 16ರ ಆಸುಪಾಸು. ಅಂದರೆ ಒಬ್ಬನೇ ಓಡುವಾಗ ಅಲ್ಲಿಗೆ ಮುಟ್ಟುವ ಮೊದಲೇ ಬೈಕು ಕೈಚೆಲ್ಲುತ್ತದೆ. ಮುಂದೊಬ್ಬ ಗಾಳಿ ಸೀಳುತ್ತಿದ್ದರೆ ಅದೇ ಬೈಕು ಇನ್ನಷ್ಟು ಎಳೆಯುತ್ತದೆ. ಇದೇ ಸ್ಲಿಪ್‌ಸ್ಟ್ರೀಮ್. ರೇಸ್ ತಂಡಗಳು ಬೀಡುಬಿಡುವ ಪ್ಯಾಡಕ್‌ನಲ್ಲಿ ನಾವು ಇದಕ್ಕೆ ಟೋ ಅನ್ನುತ್ತೇವೆ.

ನಾನು ಹುಬ್ಬಳ್ಳಿಯವನು, ಕೆಲಸ ಪುಣೆ ಹತ್ತಿರದ ಚಾಕಣದಲ್ಲಿ, ವಾಸ ಚಿಂಚ್‌ವಡ. ರೇಸ್ ಮಾಡಬೇಕೆಂದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಹೋಗಬೇಕು. ಎರಡೂ ಸಾವಿರ ಕಿಲೋಮೀಟರ್‌ಗಿಂತ ಆಚೆ. ಕೊಯಮತ್ತೂರಿನ ದಾರಿ ಹುಬ್ಬಳ್ಳಿ ಮೇಲೇ ಹಾದುಹೋಗುವುದರಿಂದ ಟೆಂಪೊದಲ್ಲಿ ಬೈಕಿನ ಜೊತೆ ಅವ್ವನ ರೊಟ್ಟಿ ಗಂಟೂ ಹತ್ತುತ್ತದೆ, ಅದೊಂದೇ ಲಾಭ. ಟ್ರ್ಯಾಕ್ ಸಮಯ ಇಷ್ಟು ದುಬಾರಿಯಾದಾಗ ಅಲ್ಲಿ ಕಲಿಯಬೇಕಾದ್ದರಲ್ಲಿ ಅರ್ಧವನ್ನಾದರೂ ಪುಣೆಯಲ್ಲೇ ಮುಗಿಸಿಕೊಂಡು ಹೋಗಬೇಕು.

ಮೊದಲು ನನ್ನ ಮೈಯನ್ನೇ ಸರಿಮಾಡಿಕೊಂಡೆ. ನನ್ನ ಬೈಕು ನೋಡಿಕೊಳ್ಳುವವರು ನಿಪ್ಪಾಣಿ ಕಡೆಯ ಕಾಕಾ, ಭೋಸರಿಯಲ್ಲಿ ಅವರ ಗ್ಯಾರೇಜು. ಪರಿಚಯದವರೊಬ್ಬರ ಲೇಔಟು, ಇನ್ನೂ ಮನೆ ಎದ್ದಿಲ್ಲ, ಒಳಗೆ ಉದ್ದನೆಯ ಡಾಂಬರು ರಸ್ತೆ, ಗೇಟಿಗೆ ಬೀಗ. ಭಾನುವಾರ ಗಾಳಿ ಬೀಸದ ಹೊತ್ತು ನೋಡಿ ಅಲ್ಲಿಗೆ ಹೋಗುತ್ತಿದ್ದೆವು. ಕಾಕಾ ಅಡ್ಡಕ್ಕೆ ಒಂದು ಸುಣ್ಣದ ಗೆರೆ ಎಳೆಯುತ್ತಿದ್ದರು. ಆ ಗೆರೆಗೆ ಸರಿಯಾಗಿ 80ರ ವೇಗದಲ್ಲಿ ಬಂದು ಕ್ಲಚ್ ಹಿಡಿದು, ಬ್ರೇಕ್ ಮುಟ್ಟದೆ ಬೈಕನ್ನು ಉರುಳಲು ಬಿಡುವುದು. ವೇಗ 40ಕ್ಕೆ ಇಳಿದ ಜಾಗದಲ್ಲಿ ನಾನು ಕೈ ಎತ್ತಿದರೆ ಅವರು ಅಲ್ಲೊಂದು ಕಲ್ಲು ಇಡುತ್ತಿದ್ದರು. ನೆಟ್ಟಗೆ ಕೂತಾಗಿನ ಕಲ್ಲಿಗೂ ಗದ್ದವನ್ನು ಟ್ಯಾಂಕಿಗೆ ಒತ್ತಿದಾಗಿನ ಕಲ್ಲಿಗೂ ಅಂತರ ದೂರದಿಂದಲೇ ಕಾಣುತ್ತಿತ್ತು. ಗೆರೆಯಿಂದ ಕಲ್ಲು ದೂರವಾದಷ್ಟೂ ಗಾಳಿಯ ತಡೆ ಕಡಿಮೆ ಅಂತ ಅರ್ಥ. ನನಗೆ ಹೊಸದೆನಿಸಿದ್ದು ಸಣ್ಣಪುಟ್ಟ ಸಂಗತಿಗಳು. ಮೊಣಕೈ ಮೊಣಕಾಲಿನ ಹೊರಗೆ ಚಾಚಿದ್ದರೆ ಕಲ್ಲು ಗೆರೆಯ ಹತ್ತಿರಕ್ಕೆ ಸರಿಯುತ್ತಿತ್ತು. ಹಿಂದಕ್ಕೆ ಸರಿದು ಕೂತು ಬೆನ್ನು ಚಪ್ಪಟೆ ಮಾಡಿ, ಹೆಲ್ಮೆಟ್‌ನ ಹಿಂಭಾಗ ಲೆದರ್ ಸೂಟಿನ ಬೆನ್ನ ಮೇಲಿನ ಗೂನಿಗೆ ತಾಗುವ ಹಾಗೆ ಇಟ್ಟರೆ ದೂರಕ್ಕೆ. ಗಾಳಿಯ ತಡೆ ಅಳೆಯುವ ಗಾಳಿ ಸುರಂಗಕ್ಕೆ ದುಡ್ಡಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಇನ್ನೊಬ್ಬರ ಹಿಂದೆ ಅಂಟಿಕೊಂಡು ಓಡುವ ಧೈರ್ಯ ಬಂದದ್ದು ಸೈಕಲ್‌ನಿಂದ. ನಿಗಡಿಯಿಂದ ಹಳೆಯ ಹೆದ್ದಾರಿಯಲ್ಲಿ ಲೋಣಾವಳಾ ಕಡೆಗೆ ನಸುಕಿನಲ್ಲಿ ಸೈಕಲ್ ಗುಂಪುಗಳು ಹೋಗುತ್ತವೆ. ಅಂಥ ಒಂದು ಗುಂಪಿಗೆ ಸೇರಿದೆ. ಮುಂದಿನವನ ಹಿಂದಿನ ಚಕ್ರವನ್ನೇ ದಿಟ್ಟಿಸುತ್ತಿದ್ದರೆ ಅವನು ಬ್ರೇಕ್ ಹಿಡಿದಾಗ ನಾವು ಅವನ ಮೇಲೇ ಹೋಗುತ್ತೇವೆ. ಅವನ ಭುಜದ ಪಕ್ಕದಿಂದ ಆಚೆಯ ರಸ್ತೆ ನೋಡಬೇಕು, ಚಕ್ರ ಕಣ್ಣಂಚಿನಲ್ಲಿದ್ದರೆ ಸಾಕು. ಟ್ರ್ಯಾಕ್‌ನಲ್ಲೂ ಇದೇ ಕಣ್ಣು ಬೇಕು. ಆದರೆ ಒಂದು ಮಾತು: ಮೋಟಾರ್ ಸೈಕಲ್‌ನಲ್ಲಿ ಹೆದ್ದಾರಿ ಲಾರಿಯ ಹಿಂದೆ ಈ ಪ್ರಯೋಗ ಮಾಡುವವರನ್ನು ಚಾಕಣ ರಸ್ತೆಯಲ್ಲಿ ಕಂಡಿದ್ದೇನೆ. ಲಾರಿಯ ಹಿಂದೆ ಗುಂಡಿಯೂ ಕಾಣುವುದಿಲ್ಲ, ಲಾರಿಯವನಿಗೆ ನೀವೂ ಕಾಣುವುದಿಲ್ಲ. ಅದು ಅಭ್ಯಾಸವಲ್ಲ, ಆತ್ಮಹತ್ಯೆ.

ಟ್ರ್ಯಾಕ್‌ಗೆ ಬಂದರೆ ಟೋ ಸ್ಟ್ರೇಟ್‌ನಲ್ಲಿ ಸಿಗುವ ಬಿಟ್ಟಿ ಮಾಲು ಅಂತ ಹೊಸಬರೆಲ್ಲ ಅಂದುಕೊಳ್ಳುತ್ತಾರೆ. ಅದನ್ನು ಸಂಪಾದಿಸುವುದು ಸ್ಟ್ರೇಟ್‌ಗೆ ಮುಂಚಿನ ತಿರುವಿನಲ್ಲಿ. ತಿರುವಿನೊಳಗೆ ಮುಂದಿನವನ ಬಾಲ ಹಿಡಿದಿದ್ದರೆ ಅವನು ಥ್ರಾಟಲ್ (ಆಕ್ಸಿಲರೇಟರ್) ತೆರೆದ ಮೇಲೇ ನಾನೂ ತೆರೆಯಬೇಕು, ಅವನ ವೇಗವೇ ನನ್ನ ವೇಗ. ಅದಕ್ಕೇ ತಿರುವಿನ ಪ್ರವೇಶದಲ್ಲಿ ಬೇಕೆಂದೇ ಒಂದೆರಡು ಬೈಕಿನಷ್ಟು ಜಾಗ ಬಿಡುತ್ತೇನೆ. ವಾಲಿದ ಬೈಕನ್ನು ಬೇಗ ನೆಟ್ಟಗೆ ಮಾಡಿ, ಅವನಿಗಿಂತ ಮೊದಲು ಪೂರ್ತಿ ಥ್ರಾಟಲ್ ಕೊಡುತ್ತೇನೆ. ಬಿಟ್ಟ ಜಾಗ ಸ್ಟ್ರೇಟ್‌ನಲ್ಲಿ ತುಂಬುತ್ತಾ ಬರುವಾಗ ಅವನ ಗಾಳಿ ಮರೆಯೊಳಗೆ ಹೊಕ್ಕರೆ, ಹೆಲ್ಮೆಟ್ ಸುತ್ತಲಿನ ಭೋರ್ಗರೆತ ತಟ್ಟನೆ ತಗ್ಗಿ ನನ್ನ ಎಂಜಿನ್ನಿನ ದನಿ ನನಗೇ ಕೇಳತೊಡಗುತ್ತದೆ. ಅಲ್ಲಿಂದ ವೇಗದ ಅಂತರ ಬೆಳೆಯುತ್ತದೆ. ಅವನ ಚಕ್ರಕ್ಕೆ ತಾಗುವಷ್ಟು ಹತ್ತಿರವಾದಾಗ ಪಕ್ಕಕ್ಕೆ ಸರಿಯಬೇಕು. ಬೇಗ ಸರಿದರೆ ಎದುರುಗಾಳಿ ಎದೆಗೆ ಬಡಿದು ಗಳಿಸಿದ್ದೆಲ್ಲ ಕರಗುತ್ತದೆ, ತಡವಾದರೆ ಥ್ರಾಟಲ್ ಮುಚ್ಚಬೇಕಾಗುತ್ತದೆ.

ಬ್ರೇಕಿಂಗ್ ಜಾಗವೂ ಬದಲಾಗುತ್ತದೆ. ಒಬ್ಬನೇ ಓಡುವಾಗ ಬ್ರೇಕ್ ಹಿಡಿಯುವ ಹೊತ್ತಿಗೆ ಮೈ ಎತ್ತಿದರೆ ಗಾಳಿಯೂ ಒಂದಿಷ್ಟು ಕೆಲಸ ಮಾಡುತ್ತದೆ. ಟೋದಲ್ಲಿ ವೇಗ ಹೆಚ್ಚು, ತಡೆಯುವ ಗಾಳಿ ಕಡಿಮೆ. ಹಾಗಾಗಿ ನನ್ನ ಮಾಮೂಲಿ ಗುರುತಿಗಿಂತ ಮುಂಚೆಯೇ ಲಿವರ್ ಒತ್ತುತ್ತೇನೆ, ಅದೂ ಮುಂದಿನವನ ನೇರ ಹಿಂದೆ ಅಲ್ಲ, ಅರ್ಧ ಚಕ್ರದಷ್ಟು ಪಕ್ಕಕ್ಕೆ ಸರಿದು.

ಇನ್ನು ಸ್ಪ್ರಾಕೆಟ್, ಅಂದರೆ ಚೈನು ಓಡುವ ಹಲ್ಲಿನ ಚಕ್ರ. ಸ್ವಂತ ಬಲಕ್ಕೆ ಸರಿಯಾಗಿ ಗೇರಿಂಗ್ ಇಟ್ಟರೆ ಟೋ ಸಿಕ್ಕಾಗ ಟಾಪ್ ಗೇರ್‌ನಲ್ಲಿ ಬೈಕು ಎಂಜಿನ್ನಿನ ಸುತ್ತಿಗೆ ಮಿತಿ ಹಾಕುವ ಲಿಮಿಟರ್‌ಗೆ ಬಡಿದು ತೊದಲುತ್ತದೆ, ಸಿಕ್ಕ ಟೋ ವ್ಯರ್ಥ. ಹಿಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಟೋದಲ್ಲಿ ಎಳೆಯುತ್ತದೆ, ಆದರೆ ಒಂಟಿಯಾದರೆ ಟಾಪ್ ಗೇರ್‌ನಲ್ಲಿ ಏದುಸಿರು. ಗುಂಪಿನಲ್ಲಿ ಓಡುತ್ತೇನೋ ಒಂಟಿಯಾಗುತ್ತೇನೋ ಅನ್ನುವುದನ್ನು ಗ್ಯಾರೇಜಿನಲ್ಲೇ ತೀರ್ಮಾನಿಸಬೇಕು. ನಾನು ಮೀನಮೇಷ ಎಣಿಸುತ್ತಿದ್ದರೆ ಕಾಕಾ ಸ್ಪ್ಯಾನರ್ ಕೆಳಗಿಟ್ಟು, “ಗ್ರಿಡ್‌ನ್ಯಾಗ ಎಲ್ಲಿ ನಿಂದರತಿ ಮೊದಲ ಹೇಳಪಾ, ಆಮ್ಯಾಲ ಹಲ್ಲ ಎಣಸ್ತೀನಿ” ಅನ್ನುತ್ತಾರೆ. ಗ್ರಿಡ್ ಅಂದರೆ ರೇಸ್ ಶುರುವಾಗುವಾಗ ಬೈಕುಗಳು ನಿಲ್ಲುವ ಸಾಲುಗಳು. ನಡುಸಾಲಿನಲ್ಲಿ ನಿಂತರೆ ಒಂದು ಹಲ್ಲು ಕಡಿಮೆಯೇ ನನ್ನ ಆಯ್ಕೆ.

ಇಷ್ಟೆಲ್ಲ ಆದ ಮೇಲೂ ನನ್ನ ಲ್ಯಾಪ್ ಟೈಮ್ (ಟ್ರ್ಯಾಕಿನ ಒಂದು ಸುತ್ತಿಗೆ ಹಿಡಿಯುವ ಸಮಯ) ಎಷ್ಟು ಅಂತ ಯಾರಾದರೂ ಕೇಳಿದರೆ ಎರಡು ಅಂಕಿ ಹೇಳುತ್ತೇನೆ. ಡೈರಿಯಲ್ಲಿ ಟೋ ಸಿಕ್ಕ ಲ್ಯಾಪಿನ ಪಕ್ಕಕ್ಕೆ ‘ಟೋ’ ಅಂತ ಬರೆಯುತ್ತೇನೆ, ಉಳಿದದ್ದು ನನ್ನ ಸ್ವಂತದ್ದು. ಬೈಕಿನ ಸೆಟಪ್ ಬದಲಿಸುವಾಗ ಸ್ವಂತ ಲ್ಯಾಪುಗಳನ್ನೇ ನೋಡುತ್ತೇನೆ. ಗ್ರಿಡ್‌ನ ಜಾಗ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಯಾರದೋ ಬೆನ್ನು ಹಿಡಿದು ಒಳ್ಳೆಯ ಟೈಮ್ ಬಂದಾಗ, ಹೊಸ ಸಸ್ಪೆನ್ಷನ್ ಸೆಟ್ಟಿಂಗ್ ಕೆಲಸ ಮಾಡಿತು ಅಂತ ನಂಬುವುದು ತೀರಾ ಸುಲಭ. ಜಿಪಿಎಸ್ ಟೈಮರ್‌ನಲ್ಲಿ ಸ್ಟ್ರೇಟ್ ಬೇರೆ, ತಿರುವು ಬೇರೆ ಮಾಡಿ ನೋಡಿದರೆ ಗಳಿಕೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ವಿಶ್ವ ಚಾಂಪಿಯನ್‌ಶಿಪ್‌ನ ಸಣ್ಣ ಬೈಕುಗಳ ವರ್ಗವಾದ ಮೋಟೋ3ಯ ಹುಡುಗರು ಕ್ವಾಲಿಫೈಯಿಂಗ್‌ನಲ್ಲಿ ಟೋಗಾಗಿ ಕಾದು ನಿಧಾನ ಓಡಿ ಶಿಕ್ಷೆಗೆ ಗುರಿಯಾಗುವುದನ್ನು ನೋಡಿದರೆ ನಗು ಬರುತ್ತದೆ, ಆದರೆ 250 ಸಿಸಿ ಬೈಕಿನಲ್ಲಿ ಅವರ ಲೆಕ್ಕಾಚಾರವೂ ನಮ್ಮದೇ.

ವಿಶ್ವ ಚಾಂಪಿಯನ್‌ಶಿಪ್‌ನ ಅಗ್ರ ವರ್ಗವಾದ ಮೋಟೋಜಿಪಿ ಮಾತ್ರ ಬೇರೆ ಲೋಕ. ಅಲ್ಲಿ ಬೈಕುಗಳಿಗೆ ರೆಕ್ಕೆಗಳು ಬಂದ ಮೇಲೆ ಹಿಂದಿನವನಿಗೆ ಸಿಗುವುದು ಕದಡಿದ ಗಾಳಿ. ತಂಪು ಗಾಳಿ ಸಿಗದೆ ಮುಂದಿನ ಟೈರ್ ಕಾದು ಒತ್ತಡ ಏರುತ್ತದೆ. ನಮ್ಮ ಸಣ್ಣ ಬೈಕಿನ ಟೈರ್‌ಗೆ ಆ ಕಾಟ ಇಲ್ಲ. ಎಂಜಿನ್ ಮಾತ್ರ ಬಿಸಿಯಾಗುತ್ತದೆ. ಅದಕ್ಕೇ ಲ್ಯಾಪಿಗೊಮ್ಮೆಯಾದರೂ ಮರೆಯಿಂದ ಹೊರಗೆ ಬಂದು ಅದಕ್ಕೆ ಗಾಳಿ ಕುಡಿಸುತ್ತೇನೆ.

ಕೊನೆಯ ಲ್ಯಾಪಿನಲ್ಲಿ ಮೊದಲಿಗನಾಗಿರಬೇಕೋ ಎರಡನೆಯವನೋ ಅನ್ನುವುದು ಕೊನೆಯ ತಿರುವಿನಿಂದ ಫಿನಿಷ್ ಗೆರೆ ಎಷ್ಟು ದೂರ ಅನ್ನುವುದರ ಮೇಲೆ. 2006ರಲ್ಲಿ ಪೋರ್ಚುಗಲ್‌ನ ಎಸ್ಟೊರಿಲ್‌ನ ಮೋಟೋಜಿಪಿ ರೇಸಿನಲ್ಲಿ ಟೋನಿ ಎಲಿಯಾಸ್ ವ್ಯಾಲೆಂಟಿನೊ ರೋಸಿಯನ್ನು ಗೆರೆಯಲ್ಲಿ ಸೋಲಿಸಿದ್ದು 0.002 ಸೆಕೆಂಡಿನಿಂದ. ಆ ವರ್ಷ ರೋಸಿ ನಿಕಿ ಹೇಡನ್‌ಗೆ ಚಾಂಪಿಯನ್‌ಶಿಪ್ ಬಿಟ್ಟುಕೊಟ್ಟದ್ದು 5 ಅಂಕಗಳಿಂದ. ಮೊದಲ ಸ್ಥಾನಕ್ಕೆ 25, ಎರಡನೆಯದಕ್ಕೆ 20. ಲೆಕ್ಕ ನೀವೇ ಹಾಕಿ. ಹೊಸ ಟ್ರ್ಯಾಕ್‌ಗೆ ಹೋದರೆ ನಾನು ಮೊದಲು ನಡೆದು ನೋಡುವುದು ಕೊನೆಯ ತಿರುವಿನಿಂದ ಗೆರೆಯವರೆಗಿನ ಆ ತುಂಡನ್ನೇ. ಪ್ರಾಕ್ಟೀಸ್‌ನಲ್ಲಿ ಗೆಳೆಯನೊಬ್ಬನನ್ನು ಮುಂದೆ ಬಿಟ್ಟು, ಗೆರೆಗೆ ಮುಂಚೆ ದಾಟಲು ಆಗುತ್ತದೋ ಇಲ್ಲವೋ ಪರೀಕ್ಷಿಸುತ್ತೇನೆ. ದಾಟಲು ಆಗುವುದಾದರೆ ಕೊನೆಯ ಲ್ಯಾಪಿಗೆ ಎರಡನೆಯವನಾಗಿ ಬರುತ್ತೇನೆ, ಆಗದಿದ್ದರೆ ಏನೇ ಆಗಲಿ ಮುಂದಿರುತ್ತೇನೆ. ಮಳೆ ಬಂದರೆ ಈ ಲೆಕ್ಕ ಯಾವುದೂ ಇಲ್ಲ. ವೇಗ ಇಳಿದು ಟೋದ ಲಾಭ ತಗ್ಗುತ್ತದೆ, ಮುಂದಿನವನ ಚಕ್ರ ಎರಚುವ ನೀರಿಗೆ ವೈಸರ್ ಕುರುಡಾಗುತ್ತದೆ. ಆಗ ಅವನಿಂದ ಒಂದು ಬೈಕಿನಗಲ ಪಕ್ಕಕ್ಕೇ ಓಡಿಸುತ್ತೇನೆ.